ಡಂಗುರದವನ ಪೆಟ್ಟಿಗೆ
(ಕೊಳ್ಳೇಗಾಲದಲ್ಲಿ ಓದುಗರ ಕೂಟದ ಮುಂದೆ ಆಡಿದ ಮಾತುಗಳು. ಹನೂರು ಮತ್ತು ಯಳಂದೂರಿನ ಸ್ನೇಹಿತರೂ ಬಂದಿದ್ದರು.)



ಮೂರು ಊರಿನವರು ಸೇರಿ ಒಂದೇ ಪುಸ್ತಕವನ್ನು ಓದುವುದೆಂದರೆ ಸುಲಭದ ಕೆಲಸವಲ್ಲ. ಇದ್ದದ್ದು ಒಂದೇ ಪ್ರತಿ, ಅದೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಲ್ಲ ಇಬ್ಬರು ಮುಂಚಿತವಾಗಿ ಓದಿಕೊಂಡು ಬಂದು ವಾರಕ್ಕೆ ಇಷ್ಟಿಷ್ಟೆಂದು ಕನ್ನಡದಲ್ಲಿ ಹೇಳುವುದು, ಉಳಿದವರು ಕೇಳಿ ತಕರಾರು ತೆಗೆಯುವುದು ಎಂದು ಗೊತ್ತುಮಾಡಿಕೊಂಡೆವು. ಏಳು ವಾರ ನಡೆಯಿತು. ಮಹದೇಶ್ವರನ ಕಥೆಯನ್ನು ರಾತ್ರಿಯಿಡೀ ಕುಳಿತು ಕೇಳುವ ಸೀಮೆ ನಮ್ಮದು. ಕಂಸಾಳೆಯವರು ಹಾಡುವಾಗ, ನೀಲಗಾರರು ಹಾಡುವಾಗ, ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಈ ಕಾದಂಬರಿಯ ಸ್ವಭಾವ ಅದಕ್ಕೆ ತಿರುಗು. ಕೊನೆ ಮೊದಲೇ ತಿಳಿದರೆ ಕೇಳುವವರು ಎದ್ದುಹೋದಾರೆಂಬ ಭಯ ಹೇಳುವವರಿಗೆ. ಆದುದರಿಂದ ಕೊಲೆಗಾರನು ಯಾರೆಂಬುದನ್ನು ನಾವು ಇಲ್ಲಿ ಹೇಳುವುದಿಲ್ಲ. ಹನೂರಿನ ಕೆಲವರಿಗೆ ಕಡೆಯ ಎರಡು ವಾರ ಬರಲಾಗಲಿಲ್ಲ. ಅವರ ಶಾಪ ನಮಗೆ ಬೇಡ.

ಪತ್ತೇದಾರಿ ಪುಸ್ತಕಕ್ಕೂ ಒಂದು ಸಭೆಯೇ ಎಂದು ಕೆಲವರು ನಕ್ಕದ್ದುಂಟು. ನಗಲಿ. ಈ ನಾಡಿನಲ್ಲಿ ಮಗ್ಗದ ಮುಂದೆ ಕುಳಿತವರಿಗೂ ಗಲ್ಲದ ಮೇಲೆ ಕುಳಿತವರಿಗೂ ಓದಿನ ರುಚಿ ಹತ್ತಿಸಿದವರು ದೊಡ್ಡ ದೊಡ್ಡ ಪಂಡಿತರಲ್ಲ. ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ೨೦೧೧ರಲ್ಲಿ ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮನು ಎಷ್ಟು ಬಡವರ ಮನೆಯ ಬುಡ್ಡಿದೀಪದ ಎಣ್ಣೆ ಸುಟ್ಟನೋ ಲೆಕ್ಕವಿಟ್ಟವರಿಲ್ಲ. ಸಾಹಿತ್ಯದ ಚರಿತ್ರೆ ಬರೆಯುವವರು ಅವರಿಗೆ ಒಂದು ಪುಟ ಕೊಡಲೂ ಹಿಂದೆಮುಂದೆ ನೋಡುತ್ತಾರೆ. ಅದು ಬೇರೆಯ ಜಗಳ, ಇನ್ನೊಂದು ದಿನ ಆಡೋಣ.

ಈಗ ಪುಸ್ತಕದ ಮಾತು. ಬರೆದಾಕೆ ಫ್ರಾನ್ಸಿನ ಹೆಂಗಸು. ಫ್ರೆಡ್ ವರ್ಗಾಸ್ ಎಂಬುದು ಇಟ್ಟುಕೊಂಡ ಹೆಸರು. ಪುಸ್ತಕ ೨೦೦೧ರಲ್ಲಿ ಫ್ರೆಂಚಿನಲ್ಲಿ ಬಂದಿತು, ೨೦೦೩ರಲ್ಲಿ ಇಂಗ್ಲಿಷಿಗೆ ಹೋಯಿತು, ೨೦೦೭ರಲ್ಲಿ ಚಲನಚಿತ್ರವೂ ಆಯಿತು. ಮೂಲದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ "ಬೇಗ ಹೊರಡು, ತಡವಾಗಿ ಬಾ" ಎಂದಾಗುತ್ತದೆ. ಈಕೆಯ ಉದ್ಯೋಗ ಕಥೆ ಬರೆಯುವುದಲ್ಲ, ನೆಲ ಅಗೆದು ಹಳೆಯ ಕಾಲದ ಪ್ರಾಣಿಗಳ ಮೂಳೆ ಪರೀಕ್ಷಿಸುವುದು. ಇಲಿ, ಚಿಗಟ ಮತ್ತು ಮನುಷ್ಯ ಈ ಮೂವರ ನಡುವೆ ಪ್ಲೇಗು ನಡೆದ ದಾರಿಯ ಮೇಲೆ ಒಂದು ಶಾಸ್ತ್ರಗ್ರಂಥವನ್ನೇ ೨೦೦೩ರಲ್ಲಿ ಪ್ರಕಟಿಸಿದ್ದಾರೆ. ಅಂದಮೇಲೆ ಕಾದಂಬರಿಯಲ್ಲಿ ಬರುವ ಚಿಗಟ ಬರಿಯ ಕಲ್ಪನೆಯ ಚಿಗಟವಲ್ಲ.

ಕಥೆ ನಡೆಯುವುದು ಪ್ಯಾರಿಸ್ ನಗರದ ಒಂದು ಸಣ್ಣ ಚೌಕದಲ್ಲಿ. ಅಲ್ಲಿ ಜೋಸ್ ಎಂಬವನೊಬ್ಬ ದಿನಕ್ಕೆ ಮೂರು ಬಾರಿ ನಿಂತು ಡಂಗುರ ಸಾರುತ್ತಾನೆ. ಅವನೊಂದು ಪೆಟ್ಟಿಗೆ ಇಟ್ಟಿದ್ದಾನೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕಾಸಿನೊಂದಿಗೆ ಅದರೊಳಗೆ ಹಾಕಿದರೆ ಅವನು ಗಟ್ಟಿಯಾಗಿ ಓದುತ್ತಾನೆ. ಬೆಕ್ಕಿನ ಮರಿ ಕೊಡುವವರು, ಪ್ರೀತಿಯ ಮಾತು ಹೇಳಲಾರದವರು, ಪಕ್ಕದ ಮನೆಯವನ ಮೇಲೆ ಹೊಟ್ಟೆಕಿಚ್ಚಿನವರು, ಎಲ್ಲರಿಗೂ ಅದೇ ಪೆಟ್ಟಿಗೆ. ಕಡೆಯಲ್ಲಿ ಸಮುದ್ರದ ಹವಾವರ್ತಮಾನ ಓದುತ್ತಾನೆ! ಪ್ಯಾರಿಸಿನಲ್ಲಿ ಸಮುದ್ರವೆಲ್ಲಿಂದ ಬಂತು? ಆದರೂ ಜನ ನಿಂತು ಕೇಳುತ್ತಾರೆ. ಮುಳುಗಿಹೋದ ಹಡಗುಗಳ ಕಥೆ ಹೇಳುತ್ತಾನೆ. ಎಷ್ಟು ಜನ ಸತ್ತರು, ಎಷ್ಟು ಜನ ಉಳಿದರು ಎಂದು ಕೇಳುವುದು ಆ ಚೌಕದವರಿಗೆ ದಿನದ ಊಟದಷ್ಟೇ ಮುಖ್ಯ. ಕೇಳಿ ನಮ್ಮವರು ಬಿದ್ದು ಬಿದ್ದು ನಕ್ಕರು. ಆದರೆ ಈ ಜೋಸ್ ಮೊದಲು ಮೀನುಗಾರಿಕೆ ಹಡಗಿನವನು. ಹಡಗು ಲಡ್ಡು ಹಿಡಿದಿತ್ತು. ಮಾಲೀಕ ರಿಪೇರಿ ಮಾಡಿಸಲಿಲ್ಲ. ಹಡಗು ಒಡೆದು ಜೊತೆಯವರು ಸತ್ತರು. ಜೋಸ್ ಹೋಗಿ ಮಾಲೀಕನನ್ನು ಬಡಿದ. ಜೈಲಿಗೆ ಹೋದವನು ಜೋಸ್, ಮಾಲೀಕನಲ್ಲ. ಈ ಭಾಗ ಹೇಳಿದ ಸಂಜೆ ನಗು ನಿಂತುಹೋಯಿತು. ನೂಲು ಬಿಚ್ಚುವ ಕೆಲಸದಲ್ಲಿ ಬೆರಳು ಬೇಯಿಸಿಕೊಂಡ ತಾಯಿಯೊಬ್ಬರು, "ಆ ಹಡಗು ನಮಗೆ ಗೊತ್ತು" ಎಂದರು. ಬೇರೇನೂ ಹೇಳಲಿಲ್ಲ.

ಒಂದು ದಿನ ಜೋಸನ ಪೆಟ್ಟಿಗೆಯಲ್ಲಿ ವಿಚಿತ್ರವಾದ ಚೀಟಿಗಳು ಬೀಳಲಾರಂಭಿಸುತ್ತವೆ. ಹಳೆಯ ಕಾಲದ ಭಾಷೆ. ಇಲಿ, ದುರ್ಗಂಧ, ಬರಲಿರುವ ವ್ಯಾಧಿ ಎಂಬ ಮಾತುಗಳು. ಬೆಲೆಬಾಳುವ ಲಕೋಟೆ, ಗೊತ್ತಾದ ದರಕ್ಕಿಂತ ಹೆಚ್ಚು ಹಣ. ಅದೇ ಹೊತ್ತಿಗೆ ನಗರದ ಕೆಲವು ವಠಾರಗಳ ಬಾಗಿಲುಗಳ ಮೇಲೆ ಕಪ್ಪು ಬಣ್ಣದಲ್ಲಿ ತಿರುಗುಮುರುಗಾಗಿ ಬರೆದ ನಾಲ್ಕರ ಅಂಕಿ ಕಾಣಿಸಿಕೊಳ್ಳುತ್ತದೆ. ವಠಾರದ ಎಲ್ಲ ಬಾಗಿಲಿಗೂ ಇರುತ್ತದೆ, ಒಂದಕ್ಕೆ ಮಾತ್ರ ಇರುವುದಿಲ್ಲ. ಆಮೇಲೆ ಹೆಣಗಳು. ಮೈಮೇಲೆ ಚಿಗಟ ಕಚ್ಚಿದ ಗುರುತು, ಮೈಗೆಲ್ಲ ಇದ್ದಿಲು. ಪ್ಲೇಗು ಮರಳಿ ಬಂದಿತೆಂದು ನಗರವೇ ನಡುಗುತ್ತದೆ.

ನಮ್ಮ ಕೂಟದಲ್ಲಿ ಮೊದಲ ಜಗಳ ಹತ್ತಿದ್ದು ಕೊಲೆಯ ವಿಷಯಕ್ಕಲ್ಲ, ಡಂಗುರದ ವಿಷಯಕ್ಕೆ. ಯಳಂದೂರಿನ ಹಿರಿಯರೊಬ್ಬರು ಎದ್ದು ನಿಂತು ಹೀಗೆಂದರು: "ನೀವೆಲ್ಲ ಈ ಜೋಸನನ್ನು ನೋಡಿ ಖುಷಿಪಡುತ್ತಿದ್ದೀರಿ. ನಮ್ಮ ತಾತ ತಮಟೆ ಹೊಡೆದು ಸಾರಿದವನು. ಅವನಿಗೆ ಯಾವ ಪೆಟ್ಟಿಗೆ ಇತ್ತು? ಯಾವ ಚೀಟಿ ಓದಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಹಕ್ಕು ಎಲ್ಲಿತ್ತು? ಪಟೇಲ ಹೇಳಿದ್ದನ್ನು ಸಾರಬೇಕು, ಕೇರಿಯಲ್ಲಿ ಜ್ವರ ಬಂದರೂ ಸಾರಬೇಕು, ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಒಂದು ಮೊರ ಧಾನ್ಯ ಬೇಡಬೇಕು." ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರ ಮಾತು ಸತ್ಯ. ಪ್ಯಾರಿಸಿನ ಡಂಗುರದವನು ಸ್ವಂತ ಅಂಗಡಿಯವನಂತೆ. ನಮ್ಮ ಹಳ್ಳಿಯ ತೋಟಿಯದು ಹುಟ್ಟಿನಿಂದ ಹೇರಿದ ಬಿಟ್ಟಿ. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಮಾಡುವ ಕಾನೂನು ನಮ್ಮ ರಾಜ್ಯದಲ್ಲಿ ಬಂದುದು ೧೯೬೧ರಲ್ಲಿ. ಕಾನೂನು ಬಂದ ಮರುದಿನವೇ ತಮಟೆ ಕೆಳಗಿಟ್ಟರೆಂದು ಯಾರೂ ತಿಳಿಯಬೇಡಿ.

ಇದಕ್ಕೆ ಹನೂರಿನ ದಿನಸಿ ಅಂಗಡಿಯ ಮಿತ್ರರೊಬ್ಬರು ಇನ್ನೊಂದು ಮಾತು ಜೋಡಿಸಿದರು. ಜೋಸನಿಗೆ ಆರಿಸುವ ಹಕ್ಕು ಇತ್ತಷ್ಟೆ? ಅವನು ಬೈಗುಳದ ಚೀಟಿಗಳನ್ನು ಪಕ್ಕಕ್ಕೆ ಇಡುತ್ತಿದ್ದ. ಹಾಗಿದ್ದರೂ ವ್ಯಾಧಿಯ ಚೀಟಿಗಳನ್ನು ಓದಿದ. ಏಕೆ? ಹೆಚ್ಚು ಕಾಸು ಬಂದಿತ್ತು. "ಅರ್ಥವಾಗದ ಸರಕನ್ನು ಹೆಚ್ಚು ಲಾಭ ಸಿಗುವುದೆಂದು ಅಂಗಡಿಯಲ್ಲಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತು" ಎಂದರು ಅವರು. ಇದು ನಮಗೆ ಬಹಳ ಹಿಡಿಸಿತು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಜೋಸನ ಪೆಟ್ಟಿಗೆ ಇದೆ. ಚೀಟಿ ಯಾರು ಹಾಕಿದರೆಂದು ಕೇಳದೆ ಮುಂದಿನವನಿಗೆ ಓದಿ ಹೇಳುತ್ತೇವೆ. ೨೦೧೮ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕಳ್ಳನೆಂಬ ವದಂತಿಯನ್ನು ನಂಬಿ, ದುಡಿದು ತಿನ್ನಲು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಹಾಡುಹಗಲಿನಲ್ಲಿ ಬಡಿದು ಕೊಂದರು. ಆ ಚೀಟಿಯನ್ನು ಪೆಟ್ಟಿಗೆಗೆ ಹಾಕಿದವನು ಸಿಕ್ಕನೇ?

ಬಾಗಿಲಿನ ಅಂಕಿಯ ಬಗ್ಗೆ ಹೆಚ್ಚು ಮಾತಾಡಿದವರು ಹೆಂಗಸರು. ನಾಲ್ಕರ ಅಂಕಿ ಕೊಲೆಯ ಗುರುತಲ್ಲ, ರಕ್ಷೆಯ ಗುರುತು; ಹಿಂದಿನ ಕಾಲದಲ್ಲಿ ಪ್ಲೇಗು ಒಳಗೆ ಬಾರದಿರಲಿ ಎಂದು ಬರೆಯುತ್ತಿದ್ದುದು. ಈ ಸುದ್ದಿ ಹರಡಿದ ಕೂಡಲೆ ಪ್ಯಾರಿಸಿನ ಜನ ತಾವೇ ಕುಂಚ ಹಿಡಿದು ತಮ್ಮ ಬಾಗಿಲಿಗೆ ನಾಲ್ಕು ಬರೆದುಕೊಳ್ಳುತ್ತಾರೆ. ಯಾವುದು ಕೊಲೆಗಾರ ಬರೆದದ್ದು, ಯಾವುದು ಮನೆಯವರು ಬರೆದದ್ದು ಎಂದು ಪೋಲೀಸರಿಗೆ ತಿಳಿಯದಾಗುತ್ತದೆ. ಇದನ್ನು ಕೇಳುತ್ತಲೇ ಮೂಲೆಯಿಂದ ಒಂದು ಕೂಗು ಬಂದಿತು: "ನಾಳೆ ಬಾ!" ಸಭೆಯೆಲ್ಲ ಗೊಳ್ಳೆಂದಿತು. ನೆನಪಿರಬೇಕು ನಿಮಗೆ, ೧೯೯೦ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ದೆವ್ವವೊಂದು ರಾತ್ರಿ ಬಾಗಿಲು ಬಡಿಯುತ್ತದೆಂದು ಸುದ್ದಿ ಹಬ್ಬಿ, ಮನೆಮನೆಯ ಬಾಗಿಲಿಗೂ "ನಾಳೆ ಬಾ" ಎಂದು ಬರೆದರು. ದೆವ್ವ ಬಂದು ಓದಿಕೊಂಡು ನಾಳೆ ಬರೋಣವೆಂದು ಹೋಗುತ್ತದಂತೆ. ಓದುಬರಹ ಬಾರದವರ ಮನೆಗೂ ಬಳಪ ಹಿಡಿದು ಬರೆದುಕೊಟ್ಟವರು ನಮ್ಮಲ್ಲೇ ಇದ್ದಾರೆ. ಪ್ಯಾರಿಸಿನವರು ಬುದ್ಧಿವಂತರು, ನಾವು ಹಳ್ಳಿಮುಕ್ಕರು ಎಂಬ ಮಾತಿಗೆ ಆ ಸಂಜೆ ಬೆಲೆ ಉಳಿಯಲಿಲ್ಲ.

ಆದರೆ ಆ ತಾಯಿ, ಬೆರಳು ಬೆಂದವರು, ಕೇಳಿದ ಪ್ರಶ್ನೆ ನಗುವಂಥದಲ್ಲ. ಎಲ್ಲ ಬಾಗಿಲಿಗೂ ರಕ್ಷೆ ಬರೆದು ಒಂದಕ್ಕೆ ಬಿಡುವುದು ಕೊಲೆಗಾರ ಒಬ್ಬನೇ ಮಾಡುವ ಕೆಲಸವೇ?

ಇಲ್ಲಿ ನಾವು ಪುಸ್ತಕದ ಹೆಸರಿಗೆ ಬರಬೇಕು. ಪ್ಲೇಗಿಗೆ ಔಷಧವಿಲ್ಲದ ಕಾಲದಲ್ಲಿ ಯುರೋಪಿನ ವೈದ್ಯರು ಹೇಳುತ್ತಿದ್ದ ಒಂದೇ ಚಿಕಿತ್ಸೆ ಎಂದರೆ ಬೇಗ ಓಡು, ದೂರ ಹೋಗು, ತಡವಾಗಿ ಹಿಂತಿರುಗು ಎಂಬುದು. ಮೂರು ಲ್ಯಾಟಿನ್ ಪದಗಳು. ನಮ್ಮವರು ಲ್ಯಾಟಿನ್ ಕಲಿಯದೆಯೇ ಇದನ್ನು ಮಾಡಿದರು. ೧೮೯೬ರಲ್ಲಿ ಮುಂಬಯಿಗೆ ಇಳಿದ ಪ್ಲೇಗು ೧೮೯೮ರಲ್ಲಿ ಬೆಂಗಳೂರಿಗೂ ಮೈಸೂರಿಗೂ ಬಂದಿತು. ಇಲಿ ಬಿದ್ದಿತೆಂದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು ರೂಢಿಯಾಯಿತು. ಸರಕಾರದ ಕಟ್ಟುನಿಟ್ಟಿಗೆ ರೋಸಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ಅದೇ ವರ್ಷ ದಂಗೆಯೆದ್ದರು. ಆ ಕಾಲದಲ್ಲಿ ನಮ್ಮ ಮೂರು ಊರುಗಳ ಮೇಲೆ ಒಂದೇ ಸರಕಾರವಿರಲಿಲ್ಲ. ಹನೂರೂ ಸೇರಿ ಕೊಳ್ಳೇಗಾಲದ ತಾಲ್ಲೂಕು ಮದರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ೧೯೫೬ರಲ್ಲಿ ಮಾತ್ರ ಮೈಸೂರಿಗೆ ಬಂದಿತು. ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದವರ ಜಹಗೀರು. ನಡುವೆ ಇರುವುದು ಕೆಲವೇ ಮೈಲಿ. ಇಲಿಗೆ ಮದರಾಸೂ ಇಲ್ಲ, ಮೈಸೂರೂ ಇಲ್ಲ. ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ಇದೆ, ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿ ಇದೆ. ಔಷಧ ಸಿಗದವರು ಗುಡಿ ಕಟ್ಟಿದರು. ನಾವು ಅದನ್ನು ಹೀಗಳೆಯುವುದಿಲ್ಲ.

ಇನ್ನೊಂದು ಸಂಗತಿ, ಇದು ಕಾದಂಬರಿಯಲ್ಲಿ ಅಷ್ಟಾಗಿ ಬಾರದು. ಪ್ಲೇಗನ್ನು ಇಲಿಯಿಂದ ಇಲಿಗೂ ಮನುಷ್ಯನಿಗೂ ಒಯ್ಯುವುದು ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದವನು ಒಬ್ಬ ಫ್ರೆಂಚ್ ಡಾಕ್ಟರು, ಪಾಲ್ ಲೂಯಿ ಸೀಮೋಂ. ತೋರಿಸಿದ್ದು ಪ್ಯಾರಿಸಿನಲ್ಲಲ್ಲ, ೧೮೯೮ರಲ್ಲಿ ಕರಾಚಿಯಲ್ಲಿ. ಬಹಳ ವರ್ಷ ಅವನ ಮಾತನ್ನು ದೊಡ್ಡವರು ನಂಬಲಿಲ್ಲ. ಒಂದು ಚಿಗಟಕ್ಕೆ ಅಷ್ಟು ಶಕ್ತಿಯೇ ಎಂದು ನಕ್ಕರು.

ಓಡು ಎಂದು ಹೇಳುವುದು ಸುಲಭ. ಯಾರು ಓಡಬೇಕು? ೧೮೯೮ರ ಬೆಂಗಳೂರಿನಲ್ಲಿ ಉಳ್ಳವರು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಯಲಿಗೆ ಹೋದರು. ೧೯೯೪ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಹುಟ್ಟಿದಾಗ ಲಕ್ಷಾಂತರ ಜನ ರೈಲು ಹತ್ತಿ ಹೊರಟರು. ಅವರಲ್ಲಿ ಬಹುಮಂದಿ ಜವಳಿ ಗಿರಣಿಗಳ, ಮಗ್ಗಗಳ, ವಜ್ರ ಉಜ್ಜುವ ಶಾಲೆಗಳ ಕೂಲಿಗಳು. ಖಾಸಗಿ ಡಾಕ್ಟರರೂ ಹಲವರು ಅವರಿಗಿಂತ ಮುಂಚೆಯೇ ಹೊರಟಿದ್ದರು. ಊರಿಗೆ ಹೋದ ಕೂಲಿಯನ್ನು ಊರಿನವರು ಹತ್ತಿರ ಸೇರಿಸಲಿಲ್ಲ. ಮಗ್ಗದ ಮಿತ್ರರೊಬ್ಬರು ಕೇಳಿದರು: "ಹಾಸು ಹೂಡಿದೆ, ಸೀರೆ ಅರ್ಧ ನೇಯ್ದಿದೆ, ಮುಂಗಡ ತಿಂದಾಗಿದೆ. ಬೇಗ ಹೊರಡು ಎಂದರೆ ಎಲ್ಲಿಗೆ ಹೊರಡಲಿ?" ೨೦೨೦ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಮ್ಮ ಜಿಲ್ಲೆಯ ಜನ ಈ ಪ್ರಶ್ನೆಯ ಇನ್ನೊಂದು ಮುಖವನ್ನು ನೋಡಿದರು. ಆಗ ಹೊರಡಬೇಡ ಎಂಬುದೇ ಚಿಕಿತ್ಸೆಯಾಗಿತ್ತು.

ಕಾದಂಬರಿಯೊಳಗೆ ೧೯೨೦ರ ಪ್ಯಾರಿಸ್ ಪ್ಲೇಗಿನ ಪ್ರಸ್ತಾಪವಿದೆ. ಅದು ನಿಜವಾಗಿ ನಡೆದದ್ದು. ನಗರದ ಅಂಚಿನಲ್ಲಿ ಚಿಂದಿ ಆಯುವವರ ಗುಡಿಸಲುಗಳಲ್ಲಿ ಕಾಣಿಸಿಕೊಂಡಿತು. ಅಧಿಕಾರಿಗಳು ಅದನ್ನು ಪ್ಲೇಗೆಂದು ಬಾಯಿಬಿಟ್ಟು ಹೇಳದೆ "ಒಂಬತ್ತನೆಯ ನಂಬರಿನ ಕಾಯಿಲೆ" ಎಂದು ಕಾಗದದಲ್ಲಿ ಬರೆದರು. ಹೆಸರು ಮುಚ್ಚಿದರೆ ಕಾಯಿಲೆ ಮುಚ್ಚುತ್ತದೆಯೇ!

ಮಾರ್ಸೇಲ್ಸಿನ ಕಥೆಯಂತೂ ನಮ್ಮ ವ್ಯಾಪಾರಿ ಮಿತ್ರರು ಬಾಯಿಪಾಠ ಮಾಡಬೇಕಾದ್ದು. ೧೭೨೦ರ ಮೇ ತಿಂಗಳಲ್ಲಿ ಪೂರ್ವದೇಶದಿಂದ ಬಟ್ಟೆ ಮತ್ತು ಹತ್ತಿಯ ಮೂಟೆ ಹೊತ್ತ ಹಡಗೊಂದು ಆ ಬಂದರಿಗೆ ಬಂದಿತು. ದಾರಿಯಲ್ಲೇ ಹಲವರು ಸತ್ತಿದ್ದರು. ಕಟ್ಟಳೆಯಂತೆ ಸರಕನ್ನು ದೂರದ ದ್ವೀಪದಲ್ಲಿ ಇಡಬೇಕಿತ್ತು. ಆದರೆ ಬೊಕೇರ್ ಊರಿನ ಜಾತ್ರೆ ಹತ್ತಿರ ಬಂದಿತ್ತು; ಸರಕಿನಲ್ಲಿ ನಗರದ ಆಡಳಿತ ನಡೆಸುವವನ ಪಾಲೂ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತು. ಮೂಟೆಗಳು ಊರೊಳಗೆ ಬಂದವು. ಸುಮಾರು ೯೦,೦೦೦ ಜನರ ಊರಿನಲ್ಲಿ ೪೦,೦೦೦ದಷ್ಟು ಮಂದಿ ಸತ್ತರು. ಇಲ್ಲಿ ಬಾಗಿಲಿಗೆ ಅಂಕಿ ಬರೆದವನಿಲ್ಲ, ಚಿಗಟ ಬಿಟ್ಟವನಿಲ್ಲ. ಯಾವ ಪತ್ತೇದಾರನು ಯಾರನ್ನು ಹಿಡಿಯಬೇಕು?

ನಮ್ಮ ತಕರಾರು ಇಲ್ಲಿಯೇ. ಪತ್ತೇದಾರಿ ಕಾದಂಬರಿ ಒಬ್ಬನನ್ನು ಹಿಡಿದುಕೊಟ್ಟು ಮುಗಿಯುತ್ತದೆ. ನಾವು ನೆಮ್ಮದಿಯಿಂದ ದೀಪ ಆರಿಸಿ ಮಲಗುತ್ತೇವೆ. ಹನೂರಿನವರಿಗೆ ಇದು ದೂರದ ಮಾತಲ್ಲ. ೨೦೧೮ರ ಡಿಸೆಂಬರ್ ೧೪ರಂದು ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಹದಿನೇಳು ಮಂದಿ ಪ್ರಾಣ ಬಿಟ್ಟರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದರ ಆರೋಪ, ವಿಚಾರಣೆ ನ್ಯಾಯಾಲಯಕ್ಕೆ ಸೇರಿದ್ದು, ನಾವು ಬಾಯಿ ಹಾಕುವುದಿಲ್ಲ. ಅಲ್ಲಿ ಹುಡುಕಲು ಮನುಷ್ಯರಿದ್ದರು, ಪೋಲೀಸರು ಹುಡುಕಿದರು. ಆದರೆ ೨೦೨೧ರ ಮೇ ೨ರ ರಾತ್ರಿ ಮತ್ತು ೩ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, ಇಪ್ಪತ್ತನಾಲ್ಕು ರೋಗಿಗಳು ಸತ್ತರು. ಹಿಂದಿನ ವರ್ಷ ಜೂನ್ ಎರಡನೆಯ ವಾರದವರೆಗೂ ಒಂದೂ ಕೊರೋನಾ ರೋಗಿ ಇಲ್ಲದ ಜಿಲ್ಲೆ ಎಂದು ಹೊಗಳಿಸಿಕೊಂಡ ಜಿಲ್ಲೆ ಅದು. ಆ ಇಪ್ಪತ್ತನಾಲ್ಕು ಬಾಗಿಲಿಗೆ ರಕ್ಷೆ ಬರೆಯದೆ ಬಿಟ್ಟವರು ಯಾರು? ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವವನು ಈ ಪುಸ್ತಕದ ಪತ್ತೇದಾರನಲ್ಲ.

ಹಾಗೆಂದು ಆ ಪತ್ತೇದಾರನನ್ನು ತಳ್ಳಿಹಾಕಲಾಗದು. ಆಡಮ್ಸ್‌ಬರ್ಗ್ ಎಂದು ಅವನ ಹೆಸರು. ಬೆಟ್ಟದ ಹಳ್ಳಿಯಿಂದ ಬಂದವನು. ಕೈಕೆಳಗಿನವರ ಹೆಸರೇ ಅವನಿಗೆ ನೆನಪಿರುವುದಿಲ್ಲ, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಭೂತಗನ್ನಡಿ ಹಿಡಿಯುವುದಿಲ್ಲ, ತರ್ಕ ಮಾಡುವುದಿಲ್ಲ. ಸುಮ್ಮನೆ ಬೀದಿ ಸುತ್ತುತ್ತಾನೆ, ಕಾಗದದ ಮೇಲೆ ಗೀಚುತ್ತಾನೆ, ಯಾವುದೋ ಒಂದು ಹೊತ್ತಿನಲ್ಲಿ ಗಂಟು ಬಿಚ್ಚಿಕೊಳ್ಳುತ್ತದೆ. ಲೋಕದ ವಿದ್ಯೆಯನ್ನೆಲ್ಲ ತಿಳಿದ ಡಾಂಗ್ಲಾರ್ ಎಂಬ ಸಹಾಯಕನೊಬ್ಬನಿದ್ದಾನೆ. ಐದು ಮಕ್ಕಳನ್ನು ಒಬ್ಬನೇ ಸಾಕುತ್ತಾನೆ, ದ್ರಾಕ್ಷಿಯ ಮದ್ಯ ಸ್ವಲ್ಪ ಹೆಚ್ಚೇ ಕುಡಿಯುತ್ತಾನೆ. ಕಿರಾಣಿಯವರಿಗೆ ಡಾಂಗ್ಲಾರ್ ಮೆಚ್ಚುಗೆ, ನೇಕಾರರಿಗೆ ಆಡಮ್ಸ್‌ಬರ್ಗ್. ಎಳೆ ಎಲ್ಲಿ ಕಿತ್ತಿದೆಯೆಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ, ಕೇಳಿದರೆ ಹೇಗೆಂದು ಹೇಳಲು ಬರುವುದಿಲ್ಲ ಎಂದರು ಒಬ್ಬರು. ಸಂಚಿನ ಮಾತು ಬಂದಾಗ ಯಳಂದೂರಿನವರು ತಮ್ಮ ತಾಲ್ಲೂಕಿನ ಅಗರದ ಸಂಸರನ್ನು ನೆನೆದರು. ೧೮೯೮ರಲ್ಲಿ ಹುಟ್ಟಿ, ಅರಮನೆಯ ಒಳಸಂಚುಗಳ ನಾಟಕ ಬರೆದು, ಪೋಲೀಸರು ತಮ್ಮ ಬೆನ್ನು ಹತ್ತಿದ್ದಾರೆಂಬ ಭಯದಲ್ಲೇ ನವೆದು ೧೯೩೯ರಲ್ಲಿ ಪ್ರಾಣ ಕಳೆದುಕೊಂಡ ಆ ಕವಿಗೆ ಇಂಥ ಒಬ್ಬ ಮೆತ್ತನೆಯ ಪೋಲೀಸಿನವನು ಸಿಕ್ಕಿದ್ದರೆ ಎಂದರು. ಸಭೆ ಒಪ್ಪಿತೋ ಇಲ್ಲವೋ ತಿಳಿಯದು.

ಪುಸ್ತಕದ ದೋಷವನ್ನೂ ಹೇಳಬೇಕು. ಕಡೆಯ ಭಾಗದಲ್ಲಿ ಗಂಟಿನ ಮೇಲೆ ಗಂಟು. ಒಬ್ಬರ ಮೇಲೆ ಸಂಶಯ, ಅದು ಬಿಚ್ಚುವಷ್ಟರಲ್ಲಿ ಇನ್ನೊಬ್ಬರ ಮೇಲೆ. ಹಳೆಯ ಹಗೆಯೊಂದನ್ನು ಎಲ್ಲಿಂದಲೋ ಎಳೆದು ತರುತ್ತಾರೆ. ಹೇಳುವವರಿಗೇ ದಾರಿ ತಪ್ಪಿ ಎರಡು ಸಂಜೆ ಹಿಂದಿನ ಪುಟ ತಿರುವಬೇಕಾಯಿತು. ಪತ್ತೇದಾರನ ಪ್ರೇಮಪ್ರಕರಣ ಕೂಡಾ ನಮಗೆ ರುಚಿಸಲಿಲ್ಲ, ತರುಣರು ಮಾತ್ರ ಅದನ್ನು ಎರಡನೆಯ ಸಲ ಹೇಳಿಸಿಕೊಂಡರು. ಆದರೆ ಚೌಕದ ಜನ ಇದ್ದಾರಲ್ಲ, ಅವರು ಬಹಳ ದಿನ ಮನಸ್ಸಿನಿಂದ ಹೋಗುವವರಲ್ಲ. ಬಾಡಿಗೆಗೆ ಕೋಣೆ ಕೊಟ್ಟು, ಕಸೂತಿ ಹೆಣೆಯುತ್ತ, ಬಂದವರಿಗೆ ಬದುಕಿನ ಸಲಹೆ ಮಾರುವ ಮುದುಕನೊಬ್ಬನಿದ್ದಾನೆ. ಆ ಹಳೆಯ ಭಾಷೆಯ ಚೀಟಿಗಳು ಪ್ಲೇಗಿನ ಪುರಾತನ ಗ್ರಂಥಗಳಿಂದ ಕದ್ದವೆಂದು ಮೊದಲು ಕಂಡುಹಿಡಿಯುವವನು ಅವನೇ, ಪೋಲೀಸರಲ್ಲ.

ಪ್ರತಿ ಈಗ ಯಳಂದೂರಿಗೆ ಹೋಗುತ್ತದೆ. ರಟ್ಟು ಕಿತ್ತಿದೆ, ಹೊಲಿಸಿ ಕಳುಹಿಸುತ್ತೇವೆ. ಮುಂದಿನ ಪುಸ್ತಕ ಗಾಸ್ತೋಂ ಲರೂ ಎಂಬವರು ೧೯೦೭ರಲ್ಲಿ ಬರೆದ ಹಳದಿ ಕೋಣೆಯ ಕಥೆಯಾಗಲಿ ಎಂದು ಹನೂರಿನವರ ಸೂಚನೆ. ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ಕೊಲೆಗಾರ ಹೇಗೆ ಬಂದ, ಹೇಗೆ ಹೋದ ಎಂಬುದು ಅದರ ಒಗಟು. ಹೇಳುವ ಸರದಿ ಯಾರದು ಎಂದು ಈ ಸಭೆ ಏಳುವ ಮೊದಲು ಗೊತ್ತುಮಾಡಬೇಕಾಗಿದೆ.